ಬಿಡಲು ಕಲಿಯದ ಎಡಗೈ

೨೦೧೧ರ ಅಕ್ಟೋಬರ್ ಮೂರು, ಸೋಮವಾರ. ಬೆಳಿಗ್ಗೆ ಆರೂವರೆ. ಸ್ಥಳ: ತಾಂಡೂರಿನ ಹೊರಗೆ, ಮುಷ್ಕರದಿಂದ ಮುಚ್ಚಿದ್ದ ಒಂದು ಕಲ್ಲು ಪಾಲಿಶ್ ಶೆಡ್ಡು. ಹಾಜರಿದ್ದವರು: ಸರ್ಕಸ್ಸಿನ ಝೂಲಾ ಕಲಿಸುವ ಮಾಲತಿಬಾಯಿ, ಅವರ ಬಳಿ ಕಲಿಯುವ ಮೂವರು ಹುಡುಗಿಯರು, ನನ್ನನ್ನು ಸ್ಕೂಟರಿನ ಮೇಲೆ ಕರೆತಂದ ಅಳಿಯ ವಿಜಯಕುಮಾರ, ಮತ್ತು ನಾನು. ವಯಸ್ಸು ಅರವತ್ಮೂರು, ನಿವೃತ್ತ ನರ್ಸ್. ನನ್ನ ಎಡಗೈಯನ್ನು ಈ ಪಟ್ಟಿಯಲ್ಲಿ ಬೇರೆಯಾಗಿ ಬರೆಯಬೇಕೋ ಬೇಡವೋ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಮೂವತ್ತನಾಲ್ಕು ವರ್ಷ ಸರಕಾರಿ ದವಾಖಾನೆಗಳಲ್ಲಿ ವಾರ್ಡಿನ ವರದಿ ಬರೆದವಳು ನಾನು. ಮೊದಲು ಹೊತ್ತು, ಆಮೇಲೆ ಯಾರಿದ್ದರು, ಆಮೇಲೆ ಏನಾಯಿತು. ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ. ವೈದ್ಯಶಾಸ್ತ್ರವನ್ನು ಇಲ್ಲಿ ಬರೆಯುತ್ತಿಲ್ಲ, ಅದಕ್ಕೆ ಡಾಕ್ಟರರಿದ್ದಾರೆ. ತನ್ನ ಕೈ ತನ್ನ ಮಾತು ಕೇಳದ ಇನ್ನೊಬ್ಬರು ಎಲ್ಲಾದರೂ ಇದ್ದು ಇದನ್ನು ಓದಿದರೆ, ತಮಗೆ ಹುಚ್ಚು ಹಿಡಿದಿಲ್ಲ ಎಂದಾದರೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಶುರುವಾದದ್ದು ಆ ವರ್ಷದ ಮೇ ತಿಂಗಳಲ್ಲಿ, ನಾರಾಯಣಖೇಡದ ನನ್ನ ಮನೆಯಲ್ಲಿ. ನಮ್ಮವರು ತೀರಿಕೊಂಡ ಮೇಲೆ ನಾನು ಒಬ್ಬಳೇ ಇದ್ದೆ, ಆದರೆ ಗಡಿಯಾರ ಬದಲಾಗಿರಲಿಲ್ಲ. ಐದಕ್ಕೆ ಏಳುವುದು, ಐದೂವರೆಗೆ ಬುದ್ಧನ ಚಿತ್ರದ ಮುಂದೆ ದೀಪ, ಆರಕ್ಕೆ ಹಾಸಿಗೆಯ ಚಾದರ ಬಿಗಿಯಾಗಿ ಹಾಸಿ ಮೂಲೆ ಮಡಚುವುದು. ಅಂದು ಬಲಗೈ ಚಾದರವನ್ನು ಒಳಗೆ ಸೇರಿಸುತ್ತಿತ್ತು. ಎಡಗೈ ಅದನ್ನೇ ಹೊರಗೆ ಎಳೆಯುತ್ತಿತ್ತು. ನಾನು ಮತ್ತೆ ಸೇರಿಸಿದೆ, ಅದು ಮತ್ತೆ ಎಳೆಯಿತು. ಮಂಚದ ಆಚೆ ಯಾರೋ ನಿಂತು ಜಗ್ಗುತ್ತಿದ್ದಾರೆ ಎನಿಸಿ ತಲೆಯೆತ್ತಿ ನೋಡಿದೆ. ಯಾರೂ ಇರಲಿಲ್ಲ. ಕನ್ನಡಿಯಲ್ಲಿ ನನ್ನ ತುಟಿ ಒಂದು ಬದಿಗೆ ಇಳಿದಿರುವುದು ಕಂಡಾಗ ನರ್ಸಿನ ಬುದ್ಧಿ ಎಚ್ಚರವಾಯಿತು. ಪಕ್ಕದ ಮನೆಯವರನ್ನು ಕರೆದೆ. ಅವರ ಜೀಪಿನಲ್ಲಿ ಜಹೀರಾಬಾದಿಗೆ ಹೋದೆವು.

ಪಾರ್ಶ್ವವಾಯು ಎಂದರು. ಎಂಟು ದಿನ ಅಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿದ್ದೆ. ತುಟಿ ನೆಟ್ಟಗಾಯಿತು, ಸೋತಿದ್ದ ಎಡಗಾಲಿಗೆ ಬಲ ಬಂತು, ಮಾತಿಗೆ ಏನೂ ಆಗಿರಲಿಲ್ಲ. ಎಡಗೈಗೆ ಮಾತ್ರ ಶಕ್ತಿ ಬರಲು ಮೂರು ವಾರ ಬೇಕಾಯಿತು. ಬಂದ ಶಕ್ತಿ ನನ್ನದಾಗಿರಲಿಲ್ಲ.

ಅಂಗೈಗೆ ಏನು ತಾಕಿದರೂ ಅದು ಹಿಡಿಯುತ್ತಿತ್ತು. ಬಾಗಿಲ ಚಿಲಕ, ಸೆರಗು, ಬಸ್ಸಿನ ಕಂಬಿ, ಯಾವುದೇ ಆಗಲಿ. ಹಿಡಿದ ಮೇಲೆ ಬಿಡುತ್ತಿರಲಿಲ್ಲ. ಬಿಡು ಎಂದು ಮನಸ್ಸಿನಲ್ಲಿ ಅಂದುಕೊಂಡಷ್ಟೂ ಬಿಗಿಯುತ್ತಿತ್ತು. ಬಲಗೈಯಿಂದ ಕಿರುಬೆರಳು ಮೊದಲು, ಆಮೇಲೆ ಉಂಗುರದ ಬೆರಳು, ಹೀಗೆ ಒಂದೊಂದಾಗಿ ಬಿಚ್ಚಬೇಕಿತ್ತು. ತೋರುಬೆರಳಿನ ಕಡೆಯಿಂದ ಬಿಚ್ಚಲು ಹೋದರೆ ಆಗುತ್ತಲೇ ಇರಲಿಲ್ಲ.

ಜೂನಿನಲ್ಲಿ ತೋರಿಸಲು ಹೋದಾಗ ದವಾಖಾನೆಯ ಬೆಂಚಿನ ಮೇಲೆ ಎರಡು ತಾಸು ಕಾಯಬೇಕಾಯಿತು. ಗೋಡೆಯ ಟಿವಿಯಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯ ಕೇಳುವ ಮೆರವಣಿಗೆಗಳು ನಡೆದಿದ್ದವು, ಎಲ್ಲರ ಮುಖ ಅತ್ತ ಇತ್ತು. ಪಕ್ಕದಲ್ಲಿ ಕುರಿ ಸಾಕುವ ಮುದುಕರೊಬ್ಬರು ಕೂತಿದ್ದರು. ಅವರ ಕಂಬಳಿಯ ಅಂಚು ಬೆಂಚಿನ ಮೇಲೆ ಜಾರಿತು. ನಾನು ನೋಡುವುದರೊಳಗೆ ಎಡಗೈ ಅದನ್ನು ಹಿಡಿದಿತ್ತು.

"ಯಾಕವ್ವಾ, ಥಂಡಿ ಆಗ್ಲತ್ತದೇನು?" ಎಂದರು.

"ಇಲ್ಲಪ್ಪಾ. ಈ ಕೈ ನನ್ನ ಮಾತು ಕೇಳವಲ್ದು. ಹಿಡದ್ರ ಬಿಡಂಗಿಲ್ಲ."

ನಾನು ಬಲಗೈಯಿಂದ ಬಿಚ್ಚಲು ಹೋದೆ. ಅವರು ಬೇಡವೆಂದರು. "ಕುರಿ ಭೀ ಹಂಗೇ ಮಾಡ್ತಾವು ನೋಡು. ಬೇಲ್ಯಾಗ ಕೊಂಬು ಸಿಗಸ್ಕೊಂಡು ನಿಲ್ತಾವು. ಜಗ್ಗಿದ್ರ ಬರಂಗಿಲ್ಲ. ಬಾಜೂಕ ಕುಂತು ಒಂದು ಬೀಡಿ ಸೇದಬೇಕು. ತಾವೇ ಬರ್ತಾವು."

"ಇಲ್ಲಿ ಬೀಡಿ ಹಚ್ಚಬ್ಯಾಡ್ರಿ, ದವಾಖಾನಿ ಇದು."

"ನರ್ಸಮ್ಮ ಇದ್ದಂಗ ಕಾಣ್ತದ!" ಎಂದು ಅವರು ನಕ್ಕರು. ಆ ನಡುವೆ ಅವರ ನಂಬರ್ ಕೂಗಿದರು. ಅವರು ಏಳಲಿಲ್ಲ. ಇನ್ನೊಮ್ಮೆ ಕೂಗಿ ಮುಂದಿನವರನ್ನು ಒಳಗೆ ಬಿಟ್ಟರು. ಕೈ ಸಡಿಲಾಗುವ ತನಕ ಆ ಮನುಷ್ಯ ತನ್ನ ಕಂಬಳಿಯ ಜತೆ ಅಲ್ಲೇ ಕೂತಿದ್ದರು. ಹೆಸರು ಕೇಳುವುದು ಮರೆತೆ. ಆ ವರ್ಷ ನನಗೆ ಸಿಕ್ಕ ಮೊದಲ ಔಷಧ ಅದು.

ಡಾಕ್ಟರರು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತೆಲುಗಿನಲ್ಲಿ ಒಂದೇ ಮಾತು ಹೇಳಿದರು. ತಾಕತ್ತು ಬಂದಿದೆ, ಹುಕುಂ ಬಂದಿಲ್ಲ. ತಿಂಗಳುಗಳು ಹಿಡಿಯಬಹುದು, ಪೂರ್ತಿ ಬರದೆಯೂ ಇರಬಹುದು.

ಅವರಿಗೆ ಹೇಳದ ಒಂದು ಸಂಗತಿಯನ್ನು ಇಲ್ಲಿ ಬರೆಯಬೇಕು.

ನಾವು ಏನನ್ನಾದರೂ ಹಿಡಿದರೆ ಹೆಬ್ಬೆರಳು ಎದುರಿನಿಂದ ಸುತ್ತಿ ಬರುತ್ತದೆ. ನನ್ನ ಎಡಗೈಯ ಹಿಡಿತ ಹಾಗಿರಲಿಲ್ಲ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಸಾಲಾಗಿ ನಿಂತು, ಐದೂ ಒಂದೇ ಕಡೆಯಿಂದ ಕೊಕ್ಕೆಯಂತೆ ಬಾಗುತ್ತಿದ್ದವು. ಜೀವಮಾನದಲ್ಲಿ ನಾನು ಹಾಗೆ ಏನನ್ನೂ ಹಿಡಿದವಳಲ್ಲ. ಆದರೆ ಆ ಹಿಡಿತವನ್ನು ನೋಡಿದ್ದೆ.

ಇಪ್ಪತ್ತಾರು ವರ್ಷದ ಹಿಂದೆ, ಮನೂರ ಕಡೆಯ ಒಂದು ಹಳ್ಳಿಯಲ್ಲಿ. ಪಾರ್ವತಿ ಎಂಬ ಹದಿನೆಂಟರ ಹುಡುಗಿಯ ಚೊಚ್ಚಲ ಹೆರಿಗೆ. ಆಗಿನ ಪದ್ಧತಿಯಂತೆ ತೊಲೆಗೆ ಹಗ್ಗ ಕಟ್ಟಿದ್ದರು. ಹೆರುವವಳು ಅದನ್ನು ಹಿಡಿದು ತಿಣುಕಬೇಕು. ನಾನು ತಲುಪಿದಾಗ ಅವಳ ಕೈ ಹಗ್ಗಕ್ಕೆ ಉಜ್ಜಿ ರಕ್ತವಾಗಿತ್ತು. ಹಗ್ಗ ಬಿಡಿಸಿ ನನ್ನ ಎಡ ಮುಂಗೈ ಕೊಟ್ಟೆ. ಹಗ್ಗವನ್ನು ಹಿಡಿದಂತೆಯೇ ಅದನ್ನೂ ಹಿಡಿದಳು, ಐದು ಬೆರಳು ಒಂದೇ ಸಾಲಿನಲ್ಲಿ. ಕೂಸು ಉಳಿಯಿತು. ರಕ್ತ ನಿಲ್ಲಲಿಲ್ಲ, ಗಾಡಿ ಬರಲಿಲ್ಲ, ತಾಯಿ ಹೋದಳು. ಹೋದ ಮೇಲೂ ಕೈ ಬಿಟ್ಟಿರಲಿಲ್ಲ. ಸೂಲಗಿತ್ತಿ ಮುದುಕಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು, ಕಿರುಬೆರಳಿನಿಂದ ಶುರುಮಾಡಿ. ಆ ಕೂಸಿಗೆ ಮೊದಲ ಸಲ ನೀರೆರೆದವಳು ನಾನೇ. ಆಗಲೂ ನನ್ನ ಎಡ ಮುಂಗೈಯ ಮೇಲೆ ಅವಳ ಬೆರಳುಗಳ ಐದು ಗುರುತು ಹಾಗೇ ಇದ್ದವು.

ನಮ್ಮ ಅಪ್ಪ ಬೌದ್ಧರಾದ ದಿನದಿಂದ ನಮ್ಮ ಮನೆಯಲ್ಲಿ ದೆವ್ವ, ಗಾಳಿ, ಯಂತ್ರ, ತಾಯಿತ ಯಾವುದೂ ಇಲ್ಲ. ಹಾಗಾಗಿ ಇದನ್ನು ಯಾರಿಗೂ ಹೇಳಲಿಲ್ಲ. ಜುಲೈಯ ಒಂದು ಮಧ್ಯಾಹ್ನ ಊಟ ಮಾಡಿ ಅರ್ಧ ತಾಸು ಮಲಗಿದವಳು, ಬಲ ಮುಂಗೈಯಲ್ಲಿ ನೋವಾಗಿ ಎಚ್ಚರಗೊಂಡೆ. ಎಡಗೈ ಅದನ್ನು ಹಿಡಿದಿತ್ತು. ಅಂಗಳದಲ್ಲಿ ಬಿಸಿಲು ಬೆಳ್ಳಗೆ ಬಿದ್ದಿತ್ತು, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಬಿಚ್ಚಿ ನೋಡಿದರೆ ಐದು ಕೆಂಪು ಗೆರೆಗಳು, ಒಂದೇ ಬದಿಗೆ. ಎದ್ದು ನೀರು ಕುಡಿದೆ, ಹೊತ್ತು ಬರೆದುಕೊಂಡೆ: ಎರಡೂ ಇಪ್ಪತ್ತು.

ಆಗಸ್ಟಿನಲ್ಲಿ ತಾಂಡೂರಿಗೆ, ಮಗಳು ಭಾರತಿಯ ಮನೆಗೆ ಹೋದೆ. ಅವಳಿಗೆ ಆಗ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಆದರೆ ತವರು ಎಂದರೆ ನಾನೊಬ್ಬಳು, ಅದೂ ಈ ಕೈ. ಅದಕ್ಕೆ ತವರೇ ಅವಳ ಬಳಿಗೆ ಹೋಗಬೇಕಾಯಿತು. ಬೀಗತಿ, ಅಳಿಯನ ತಾಯಿ ಕಾಶಮ್ಮ, ನನ್ನನ್ನು ಚೆನ್ನಾಗಿಯೇ ಬರಮಾಡಿಕೊಂಡರು.

ಕುಬಸದ, ಅಂದರೆ ಸೀಮಂತದ, ದಿನ ಹಸಿರು ಬಳೆ ತೊಡಿಸುವ ಹೊತ್ತು ಬಂತು. "ನೀವು ಕೂಡ್ರಿ ಅಕ್ಕೋರ, ನಾ ಇಡಸ್ತೀನಿ" ಎಂದು ಕಾಶಮ್ಮ ಹೇಳಿದರು. ನಾನು ಕೇಳಲಿಲ್ಲ. ಮೊದಲ ಬಳೆ ತಾಯಿಯದು, ಅದು ಕ್ರಮ. ಕ್ರಮ ತಪ್ಪಿಸಿ ನನಗೆ ಗೊತ್ತಿಲ್ಲ. ನನ್ನ ಜೀವನದ ದೊಡ್ಡ ತಪ್ಪನ್ನು ಹೀಗೆ ಬಹಳ ಶಿಸ್ತಿನಿಂದಲೇ ಮಾಡಿದೆ.

ಬಲಗೈ ಬಳೆ ಏರಿಸಿತು. ಎಡಗೈ ಮಗಳ ಮುಂಗೈಯನ್ನು ಆನಿಸಿ ಹಿಡಿದಿತ್ತು. ಆರನೆಯ ಬಳೆ ಏರಿದಾಗ ಅದು ಬಿಗಿಯಿತು. "ಅವ್ವಾ, ಬಿಡು" ಎಂದಳು ಭಾರತಿ. ಆಮೇಲೆ, "ಅವ್ವಾ!" ಬಳೆಗಳು ಒಂದೊಂದಾಗಿ ಚಟಚಟ ಒಡೆದವು. ಅವಳ ಮಡಿಲ ಮೇಲಿದ್ದ ಅಕ್ಕಿಯ ಮೇಲೆ ಎರಡು ಹನಿ ರಕ್ತ ಬಿತ್ತು. ಕೋಣೆಯ ತುಂಬ ಇದ್ದ ಹೆಂಗಸರ ಎದುರಿಗೇ ನನ್ನ ಬೆರಳುಗಳನ್ನು ಕಿರುಬೆರಳಿನಿಂದ ಒಂದೊಂದಾಗಿ ಬಿಚ್ಚಿದೆ.

ಸಂಜೆ ಕಾಶಮ್ಮ ಚಹಾ ಮುಂದಿಟ್ಟು ಎದುರಿಗೆ ಕೂತರು. "ಅಕ್ಕೋರ, ನಿಮಗ ಬ್ಯಾಸರಾಗ್ಲಿ ಬಿಡ್ಲಿ, ಹೇಳ್ತೀನಿ. ನಾವು ಭೀ ದೆವ್ವ ನಂಬಂಗಿಲ್ಲ. ಬುದ್ಧನ ಫೋಟೋ ನಮ್ಮ ಮನ್ಯಾಗ ಭೀ ಅದ. ಖರೆ ಆ ಕೈ ಒಂದು ನಮ್ಮ ಕೂಸಿಗಿ ಹತ್ತಬಾರ್ದು. ನೀರು ನಾ ಎರಿತೀನಿ."

ನಮ್ಮ ಕಡೆ ಕೂಸಿಗೆ ನೀರೆರೆಯುವುದು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಾಯಿಯ ತಾಯಿ ಗಿಡ್ಡ ಮಣೆಯ ಮೇಲೆ ಕಾಲು ಚಾಚಿ ಕೂರುತ್ತಾಳೆ. ಎಣ್ಣೆ ತಿಕ್ಕಿದ ಕೂಸು ಅವಳ ಕಾಲುಗಳ ಮೇಲೆ ಬೋರಲಾಗಿ ಮಲಗುತ್ತದೆ. ಬಲಗೈ ಬಿಸಿನೀರು ಹಾಕುತ್ತದೆ. ಎಡಗೈ ಕೂಸಿನ ಕತ್ತಿನ ಕೆಳಗಿರುತ್ತದೆ. ಕೂಸಿನ ಉಸಿರೆಲ್ಲ ಆ ಎಡಗೈಯ ಮೇಲೆ. ಎಷ್ಟು ಮನೆಗಳ ಕೂಸುಗಳಿಗೆ ನಾನು ಹಾಗೆ ಎರೆದಿದ್ದೇನೆ! ನನ್ನ ಮಗಳ ಕೂಸಿಗೆ ಎರೆಯಬಾರದೆಂದರೆ ನಾನು ಆ ಮನೆಯಲ್ಲಿ ಯಾರು?

ಭಾರತಿಯ ಮುಖ ನೋಡಿದೆ. ಅವಳು ಸೆರಗನ್ನು ಮುಂಗೈಯ ಮೇಲೆ ಎಳೆದುಕೊಂಡಳು. ಕಾಶಮ್ಮನ ಮಾತಿಗಿಂತ ಅದು ಹೆಚ್ಚು ನಾಟಿತು. ಕಾಶಮ್ಮ ಹೇಳಿದ್ದು ಸರಿಯೆಂದು ನನ್ನೊಳಗಿನ ನರ್ಸ್ ಒಪ್ಪಿದ್ದಳು. ಅದು ಇನ್ನೂ ಹೆಚ್ಚು.

ಸೆಪ್ಟೆಂಬರಿನಲ್ಲಿ ತೆಲಂಗಾಣಕ್ಕಾಗಿ ಎಲ್ಲ ನೌಕರರೂ ಕೆಲಸ ಬಿಟ್ಟು ಕೂತರು. ಬಸ್ ಕಂಡಕ್ಟರನಾದ ಅಳಿಯನೂ ಕೂತ. ರಸ್ತೆಯ ಪಕ್ಕದ ಪೆಂಡಾಲಿನಲ್ಲಿ ದಿನಾ ಧರಣಿ, ಅಲ್ಲೇ ಅಡುಗೆ, ಅಲ್ಲೇ ಹಾಡು. ಮನೆಯಲ್ಲಿ ಬೀಗತಿಯ ಎದುರು ಕೂರಲಾರದೆ ನಾನೂ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಅಲ್ಲಿನ ಬೇವಿನ ಮರದ ಕೊಂಬೆಗೆ ಉದ್ದನೆಯ ಹಗ್ಗ ಇಳಿಬಿಟ್ಟು ಮೂವರು ಹುಡುಗಿಯರು ತಲೆಕೆಳಗಾಗಿ ತಿರುಗುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರ ಗುರು ಐವತ್ತರ ಹೆಂಗಸು, ಕಚ್ಚೆ ಸೀರೆ, ಕತ್ತರಿಸಿದ ಕೂದಲು. ಇಪ್ಪತ್ತೆರಡು ವರ್ಷ ಸರ್ಕಸ್ಸಿನಲ್ಲಿ ಝೂಲಾ ಆಡಿ, ಕಲ್ಲಿನ ಮಶೀನು ರಿಪೇರಿ ಮಾಡುವವನನ್ನು ಮದುವೆಯಾಗಿ ತಾಂಡೂರಿನಲ್ಲಿ ನೆಲೆನಿಂತವರು. ಅವರೇ ಮಾಲತಿಬಾಯಿ.

ಹುಡುಗಿ ಕೆಳಗಿಳಿದ ಮೇಲೆ ಹಗ್ಗ ತೂಗುತ್ತ ನನ್ನ ಕಡೆ ಬಂತು. ಎಡಗೈ ಎದ್ದು ಅದನ್ನು ಹಿಡಿಯಿತು. ನಾನು ಎತ್ತಿದ್ದಲ್ಲ. ಕೂತಲ್ಲಿಂದಲೇ ನನ್ನ ತೋಳು ಮೇಲೇರಿದ್ದನ್ನು ಬೇರೆ ಯಾರದೋ ತೋಳನ್ನು ನೋಡುವಂತೆ ನೋಡಿದೆ.

ಮಾಲತಿಬಾಯಿ ಹತ್ತಿರ ಬಂದರು. ಜಗ್ಗಲಿಲ್ಲ, ನಗಲಿಲ್ಲ. ಬಗ್ಗಿ ನನ್ನ ಬೆರಳುಗಳನ್ನು ನೋಡಿದರು. "ಹೆಬ್ಬೆಟ್ಟು ಬಾಜೂಕ ಇಟ್ಟೀರಿ. ಇದು ನಮ್ಮ ಝೂಲಾದವರ ಪಕಡ್ ಅದ. ಹುಡುಗ್ಯಾರಿಗಿ ಕಲಸಾಕ ಆರು ತಿಂಗಳು ಬೇಕು. ನಿಮಗ ಯಾರು ಕಲಿಸ್ಯಾರ್ರಿ, ಅಕ್ಕಾ?"

ಕಾಯಿಲೆ ಎಂದಷ್ಟೇ ಹೇಳಿದೆ.

"ಹಿಡ್ಯಾದು ಬರ್ತದ, ಬಿಡಾದು ಬರಂಗಿಲ್ಲ, ಹೌದಿಲ್ಲೋ? ನನ್ನ ಹುಡುಗ್ಯಾರದು ಉಲ್ಟಾ. ಹೆದರಿದ್ರ ನಮ್ಮಾಗ ಭೀ ಕೈ ಕಲ್ಲಾಗ್ತಾವು. ಶೆಡ್ಡಿಗಿ ಬರ್ರಿ, ನೋಡಮು."

ಜಹೀರಾಬಾದಿನ ಡಾಕ್ಟರರಿಗೆ ಫೋನು ಮಾಡಿ ಕೇಳಿದೆ. ಬಹಳ ಹೊತ್ತು ನಕ್ಕರು. ಆಮೇಲೆ, ಕಾಲು ನೆಲ ಬಿಡದಿದ್ದರೆ, ಪಕ್ಕದಲ್ಲಿ ಇಬ್ಬರು ಇದ್ದರೆ, ಮಾಡಿ ನೋಡಿ ಎಂದರು. ಓದುವವರೂ ಮೊದಲು ತಮ್ಮ ಡಾಕ್ಟರರನ್ನು ಕೇಳಬೇಕು. ನಾನು ಯಾರಿಗೂ ಝೂಲಾ ಬರೆದುಕೊಡುತ್ತಿಲ್ಲ.

ಕಾಶಮ್ಮನಿಗೆ ಸುದ್ದಿ ಮುಟ್ಟಿತು. "ಅಯ್ಯ ನಮ್ಮವ್ವ! ಮೊಮ್ಮಗು ಬರೋ ವಯಸ್ಸಿನ್ಯಾಗ ಬೀಗತಿ ಸರ್ಕಸ್ಸಿಗಿ ಹೊಂಟಾರ. ನಾಳೆ ಓಣ್ಯಾಗ ಟಿಕೇಟು ಕೇಳ್ತಾರ ನನಗ" ಎಂದರು. ಹೇಳುತ್ತಲೇ ನನ್ನ ಸೀರೆಗೆ ಕಚ್ಚೆ ಹಾಕಿ ಬಿಗಿದು ಕಟ್ಟಿಕೊಟ್ಟರು.

ಆ ಶೆಡ್ಡನ್ನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಕಲ್ಲು ಎತ್ತುವ ದಪ್ಪ ಕಬ್ಬಿಣದ ತೊಲೆ ಈ ಗೋಡೆಯಿಂದ ಆ ಗೋಡೆಗೆ. ಮಶೀನುಗಳು ಸ್ತಬ್ಧ. ಕರೆಂಟು ಇಲ್ಲ. ಗೋಡೆಗೆ ಒರಗಿಸಿದ ಬೂದುಬಣ್ಣದ ಫರಸಿ ಕಲ್ಲುಗಳು ಸಾಲಾಗಿ, ಚಾದರ ಹೊದ್ದು ಕಾಯುತ್ತ ನಿಂತವರ ಹಾಗೆ. ನೆಲದ ಮೇಲೆಲ್ಲ ಕಲ್ಲಿನ ಬಿಳಿ ಪುಡಿ. ನಡೆದರೆ ಹೆಜ್ಜೆ ಮೂಡುತ್ತಿತ್ತು, ಸದ್ದು ಏಳುತ್ತಿರಲಿಲ್ಲ. ತೊಲೆಯಿಂದ ಎರಡು ಹಗ್ಗಗಳ ನಡುವೆ ಒಂದು ಕಬ್ಬಿಣದ ಕೋಲು ಇಳಿಬಿದ್ದಿತ್ತು. ಅದೇ ಝೂಲಾ. ಗಾಳಿಯಿಲ್ಲದಾಗಲೂ ಅದು ಸ್ವಲ್ಪ ತೂಗುತ್ತಿತ್ತು. ಅದರಾಚೆ ಹುಡುಗಿಯರ ಎತ್ತರದ ಝೂಲಾ, ಕೆಳಗೆ ಹತ್ತಿಯ ಗಾದಿಗಳು.

ಮೊದಲ ದಿನ ಕಲಿಸಿದ್ದು ಬೀಳುವುದನ್ನು. ಮೊಣಕಾಲು ಬಗ್ಗಿಸಿ, ಪಕ್ಕಕ್ಕೆ ಉರುಳಿ, ಕೈ ನೆಲಕ್ಕೆ ಊರದೆ. ಗಾದಿಯ ಮೇಲೆ ಹನ್ನೆರಡು ಸಲ ಬಿದ್ದೆ. "ಅಜ್ಜಿ ನಮಗಿಂತ ಛಲೋ ಬೀಳ್ತಾಳ" ಎಂದು ಹುಡುಗಿಯೊಬ್ಬಳು ಹೇಳಿದಾಗ ನನಗೆ ಹೆಮ್ಮೆಯಾಯಿತು. ಎರಡನೆಯ ದಿನ ಕೋಲನ್ನು ನನ್ನ ತಲೆಯ ಮಟ್ಟಕ್ಕೆ ಇಳಿಸಿದರು. ಅಂಗೈಗೆ ನೆಲದ ಪುಡಿಯನ್ನೇ ಹಚ್ಚಿ ಹಿಡಿದು, ಪಾದ ನೆಲದಲ್ಲೇ ಇಟ್ಟು, ಮೈಯ ಭಾರವನ್ನು ನಿಧಾನ ಕೆಳಗೆ ಬಿಡಬೇಕು. "ಕೈ ನೋಡಬ್ಯಾಡ್ರಿ. ಉಸರು ಬಿಡ್ರಿ. ಕೆಳಗ ನೆಲ ಅದ ಅಂತ ಕೈಗಿ ಗೊತ್ತಾಗ್ಲಿ." ನಾನು ಮೂವತ್ತನಾಲ್ಕು ವರ್ಷ ಹೆರುವವರಿಗೆ ಹೇಳಿದ್ದೂ ಅದನ್ನೇ, ಉಸಿರು ಬಿಡು. ಒಬ್ಬರು ನನಗೆ ಹೇಳಿದ್ದು ಅದೇ ಮೊದಲು.

ಬಲಗೈ ಹೇಳಿದಾಗ ಬಿಡುತ್ತಿತ್ತು. ಎಡಗೈ ತನ್ನ ಇಷ್ಟ ಬಂದಾಗ. ಒಂದು ದಿನ ನಾಲ್ಕು ನಿಮಿಷ, ಒಂದು ದಿನ ಏಳು. ಮನೆಗೆ ಬಂದು ಬರೆದಿಡುತ್ತಿದ್ದೆ. ಐದನೆಯ ಪಾಠ ಮುಗಿದ ಮೇಲೆ ಮಾಲತಿಬಾಯಿ ನನ್ನನ್ನು ಕರೆದು ಕೋಲು ತೋರಿಸಿದರು. ಕಪ್ಪು ಕಬ್ಬಿಣದ ಮೇಲೆ ಬಿಳಿ ಪುಡಿಯಲ್ಲಿ ನನ್ನ ಎರಡು ಕೈಗಳ ಅಚ್ಚು ಮೂಡಿತ್ತು. ಬಲಗಡೆಯದು ಅಗಲ, ನನ್ನ ಕೈಯಂಥದೇ. ಎಡಗಡೆಯದು ಚಿಕ್ಕದು. ಐದು ಸಣ್ಣ ಬೆರಳು ಒತ್ತೊತ್ತಾಗಿ, ಹದಿನೆಂಟರ ಹುಡುಗಿಯ ಕೈಯ ಹಾಗೆ.

"ಬಿಗಿಯಾಗಿ ಹಿಡದ್ರ ಸಣ್ಣ ಕಾಣ್ತದ" ಎಂದರು ಅವರು. ಆದರೆ ಸೆರಗಿನಿಂದ ಅದನ್ನು ತಕ್ಷಣ ಒರೆಸಿಬಿಟ್ಟರು.

ಈಗ ಆ ಸೋಮವಾರ. ಎಂಟನೆಯ ಪಾಠ.

ಡಾಕ್ಟರರ ಮಾತನ್ನು ಅಂದು ನಾನೇ ಮೀರಿದೆ. ಹೆರಿಗೆಗೆ ಮೂರು ವಾರ ಉಳಿದಿತ್ತು, ನನಗೆ ಅವಸರ. ಕೋಲನ್ನು ಒಂದೂವರೆ ಮೊಳ ಮೇಲೇರಿಸಲು ಹೇಳಿದೆ. ಮಾಲತಿಬಾಯಿ ಬೇಡವೆಂದರು, ನಾನು ಹಟ ಹಿಡಿದೆ. ಸ್ಟೂಲು ಹತ್ತಿ ಹಿಡಿದು, ಸ್ಟೂಲು ಸರಿಸಲು ಹೇಳಿ, ಪಾದಕ್ಕೆ ನೆಲವಿಲ್ಲದೆ ತೂಗಿದೆ. ಎಷ್ಟು ಹಗುರವೆನಿಸಿತೆಂದರೆ ನಗು ಬಂತು. ಆಮೇಲೆ ಬಲಗೈ ಸೋತು ಜಾರಿತು. ನನ್ನ ಪೂರ್ತಿ ಭಾರ ಎಡಗೈಯ ಮೇಲೆ ನಿಂತಿತು. ಭುಜದಲ್ಲಿ ಕಿಚ್ಚು ಹಚ್ಚಿದ ಹಾಗಾಯಿತು.

ವಿಜಯಕುಮಾರ ಓಡಿಬಂದು ಕಾಲು ಎತ್ತಿ ಹಿಡಿದ. ಹುಡುಗಿಯರು ಸ್ಟೂಲನ್ನು ಮತ್ತೆ ಪಾದದ ಕೆಳಗೆ ಇಟ್ಟರು. ಭಾರ ಇಳಿಯಿತು. ಕೈ ಬಿಡಲಿಲ್ಲ. ಮಾಲತಿಬಾಯಿ ಕಿರುಬೆರಳಿನಿಂದ ಬಿಚ್ಚಲು ನೋಡಿದರು. ಮೊದಲ ಬಾರಿಗೆ ಅದೂ ಆಗಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಉಗುರುಗಳು ನೀಲಿಯಾಗತೊಡಗಿದವು. ನೀಲಿಯಾದರೆ ಏನೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

"ಅತ್ತಿ, ಹಗ್ಗ ಕೊಯ್ದು ಝೂಲಾ ಸಮೇತ ದವಾಖಾನಿಗಿ ಒಯ್ಯಮ್ರಿ" ಎಂದ ಅಳಿಯ.

"ನನ್ನ ಝೂಲಾಕ್ಕ ಚಾಕು ಹಚ್ಚಿದ್ರ ನಿನ್ನ ಕೈ ಕೊಯ್ತೀನಿ, ಕಂಡಕ್ಟರ್!" ಎಂದರು ಮಾಲತಿಬಾಯಿ. ಆದರೆ ಅವರ ಮುಖವೂ ಬಿಳಚಿತ್ತು. "ಅಕ್ಕಾ, ಅದರ ಕಡಿ ಲಕ್ಷ್ಯ ಕೊಡಬ್ಯಾಡ್ರಿ. ಅಲ್ಲಿ ನೋಡ್ರಿ, ಹುಡುಗಿ ಇವತ್ತು ಮೊದಲನೇ ಸಲ ಮ್ಯಾಲಿನ ಝೂಲಾದಿಂದ ಗಾದಿಗಿ ಜಿಗಿತಾಳ. ನೋಡ್ರಿ."

ನನ್ನ ಮನಸ್ಸು ಬೇರೆಡೆ ಸೆಳೆಯಲು ಮಾಡಿದ ಉಪಾಯ ಅದು. ಹುಡುಗಿ ಹತ್ತಿದಳು. ತೂಗತೊಡಗಿದಳು. ಮಾಲತಿಬಾಯಿ ಕೆಳಗಿನಿಂದ ಕೂಗಿ ಹೇಳಿದರು: "ಗಟ್ಟಿ ಹಿಡಿ! ನಾ ಬಿಡು ಅನ್ನೋತನ ಬಿಡಬ್ಯಾಡ!"

ಶೆಡ್ಡು ನಿಶ್ಶಬ್ದವಾಗಿತ್ತು. ಆ ಮಾತು ಕಲ್ಲುಗಳಿಗೆ ಬಡಿದು ವಾಪಸ್ಸು ಬಂತು. ವಾಪಸ್ಸು ಬಂದದ್ದು ನನ್ನ ದನಿಯಲ್ಲಿ.

ಪಾರ್ವತಿಯ ಕೈ ಹಗ್ಗದಿಂದ ಬಿಡಿಸಿ ನನ್ನ ಮುಂಗೈ ಕೊಟ್ಟಾಗ ನಾನು ಹೇಳಿದ ಮಾತು ಅದೇ. ಗಟ್ಟಿ ಹಿಡಿಯವ್ವಾ, ನಾ ಬಿಡು ಅನ್ನೋತನ ಬಿಡಬ್ಯಾಡ. ಅವಳು ನರ್ಸಮ್ಮನ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ನಾನು ರಕ್ತ ನೋಡಿದೆ, ಕೂಸು ನೋಡಿದೆ, ಗಾಡಿಯ ದಾರಿ ನೋಡಿದೆ. ಬಿಡು ಎಂದು ಹೇಳಲೇ ಇಲ್ಲ.

ಆಚೆ ಹುಡುಗಿ ಜಿಗಿದು ಗಾದಿಯ ಮೇಲೆ ಬಿದ್ದ ಸದ್ದು ಕೇಳಿಸಿತು. ಖಾಲಿ ಝೂಲಾ ಮುಂದೆ ಹಿಂದೆ ತೂಗುತ್ತಿತ್ತು. ನನಗೆ ನಾಚಿಕೆಯೂ ಆಗಲಿಲ್ಲ, ನಂಬಿಕೆಯ ಪ್ರಶ್ನೆಯೂ ಬರಲಿಲ್ಲ. ಉಳಿದುಹೋದ ಕೆಲಸ ಅದು. ವಾರ್ಡಿನಲ್ಲಿ ಮಾತಾಡುವ ದನಿಯಲ್ಲೇ ಹೇಳಿದೆ:

"ಪಾರ್ವತಿ, ಆತವ್ವಾ. ಕೂಸು ಛಲೋ ಅದ. ಇನ್ನ ಬಿಡು."

ಕಿರುಬೆರಳು ಎದ್ದಿತು. ಯಾರೂ ಮುಟ್ಟಿರಲಿಲ್ಲ. ಆಮೇಲೆ ಉಂಗುರದ ಬೆರಳು, ನಡುಬೆರಳು, ತೋರುಬೆರಳು. ಕೊನೆಗೆ ಹೆಬ್ಬೆರಳು ಸಾಲು ಬಿಟ್ಟು ತನ್ನ ಜಾಗಕ್ಕೆ ಬಂತು. ಬಿಳಿ ಪುಡಿ ಉದುರಿತು. ಕೈ ನನ್ನ ಪಕ್ಕಕ್ಕೆ ಇಳಿದು ಬಂತು, ಭಾರವಾಗಿ, ಬಹಳ ದಣಿದದ್ದರ ಹಾಗೆ.

"ಪಾರ್ವತಿ ಯಾರ್ರೀ?" ಎಂದು ಮಾಲತಿಬಾಯಿ ಮೆಲ್ಲಗೆ ಕೇಳಿದರು.

"ನನ್ನ ಪೇಷಂಟ್" ಎಂದೆ. ಹೊತ್ತು ನೋಡಿದೆ. ಏಳೂ ನಲವತ್ತು.

ಮನಸ್ಸು ಬೇರೆ ಕಡೆ ಹೋದಾಗ ಅಂಥ ಹಿಡಿತ ತಾನಾಗಿ ಸಡಿಲುವುದುಂಟು ಎಂದು ಡಾಕ್ಟರರು ಆಮೇಲೆ ವಿವರಿಸಿದರು. ಇರಬಹುದು. ಅದನ್ನೂ ಬರೆದುಕೊಂಡಿದ್ದೇನೆ. ಕೈ ಇವತ್ತಿಗೂ ಪೂರ್ತಿ ನನ್ನದಲ್ಲ. ದಣಿದಾಗ, ಜ್ವರ ಬಂದಾಗ ಮತ್ತೆ ಹಿಡಿಯುತ್ತದೆ. ಆಗ ಜಗ್ಗುವುದಿಲ್ಲ. ಬಾಯಿಬಿಟ್ಟು ಹೇಳುತ್ತೇನೆ, ಬಿಡುತ್ತದೆ.

ಅಂದು ಮನೆಗೆ ಬಂದು ಭುಜಕ್ಕೆ ಶಾಖ ಕೊಟ್ಟುಕೊಂಡೆ. ಅಳಿಯ ಎಲ್ಲವನ್ನೂ ತನ್ನ ತಾಯಿಗೆ ಹೇಳಿಬಿಟ್ಟಿದ್ದ. ಸಂಜೆ ಐದಕ್ಕೆ ಭಾರತಿ ನನ್ನ ಎದುರು ಬಂದು ಕೂತಳು. ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಒಳಗೆ ಹೊಸ ಹಸಿರು ಬಳೆ. ಕುಬಸದ ಮರುದಿನವೇ ತರಿಸಿಟ್ಟಿದ್ದಳಂತೆ, ಹೇಳಿರಲಿಲ್ಲ.

"ಇಡಸು ಅವ್ವಾ" ಎಂದು ಮುಂಗೈ ಚಾಚಿದಳು. ಹಳೆಯ ಗಾಯದ ಸಣ್ಣ ಗೆರೆ ಇನ್ನೂ ಇತ್ತು. ಕಾಶಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಎಡಗೈಯಿಂದ ಮಗಳ ಮುಂಗೈ ಹಿಡಿದೆ. ಬಲಗೈಯಿಂದ ಏರಿಸಿದೆ. ಆರನೆಯ ಬಳೆಗೆ ಎಡಗೈ ಬಿಗಿಯಿತು. ಭಾರತಿಯ ಕಣ್ಣು ನನ್ನ ಕಣ್ಣಿನಲ್ಲಿ ನಿಂತಿತು, ಕೈ ಹಿಂದೆಗೆಯಲಿಲ್ಲ.

"ಬಿಡವ್ವಾ" ಎಂದೆ.

ಬಿಟ್ಟಿತು.

"ಯಾರಿಗಿ ಅಂದಿ?"

"ಕೈಗಿ. ಇನ್ನೊಂದು ಮುಂಗೈ ಕೊಡು."

ಎರಡೂ ಕೈಗೆ ಹನ್ನೊಂದು ಹನ್ನೊಂದು. ಒಂದೂ ಒಡೆಯಲಿಲ್ಲ. ಕಾಶಮ್ಮ ಒಳಗೆ ಹೋದರು. ಅಟ್ಟದ ಮೇಲೆ ಏನೋ ಸರಿಸುವ ಸದ್ದಾಯಿತು. ಹೊರಗೆ ಬಂದವರ ಕೈಯಲ್ಲಿ ನೀರೆರೆಯುವ ಗಿಡ್ಡ ಮಣೆ ಇತ್ತು, ಅದರ ತುಂಬ ಧೂಳು.

"ನನ್ನ ಮೊಣಕಾಲು ಬಗ್ಗಂಗಿಲ್ಲ ಅಕ್ಕೋರ, ಕಾಲು ಚಾಚಿ ಕೂಡಾಕ ಆಗಂಗಿಲ್ಲ" ಎಂದರು, ಗೋಡೆಯ ಕಡೆ ನೋಡುತ್ತ. "ಇದನ್ನ ತೊಳದಿಟ್ಟುಬಿಡ್ರಿ. ನಾ ಬಾಜೂಕ ಕುಂತು ನೋಡ್ತಿರ್ತೀನಿ, ಮತ್ತ."

ಬಚ್ಚಲಿಗೆ ಒಯ್ದೆ. ಬಲಗೈಯಿಂದ ನೀರು ಹಾಕಿದೆ, ಎಡಗೈಯಿಂದ ತಿಕ್ಕಿದೆ. ತೊಳೆದ ಮಣೆಯನ್ನು ಒಣಗಲು ಹಿತ್ತಿಲ ಗೋಡೆಗೆ ಒರಗಿಸಿದೆ. ಹೊತ್ತು: ಆರೂ ಹತ್ತು.